ಕಾತಳಗಡದ ಹಳೆಯ ರಾಜಮಾರ್ಗ

ಯಜ್ಞೇಶ್ವರ ಅಂದು ಅರೆನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಲೋಕನಾಥರು ಆ ಭಾನುವಾರವೂ ಠಾಕುರ್ಲಿ ಸ್ಟೇಶನ್ ಎದುರಿನ ತಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ಫ್ಯಾನಿನ ಗಾಳಿಗೆ ತೂಕಡಿಸುತ್ತ ಸುಖವಾಗಿ ಕುಳಿತಿರುತ್ತಿದ್ದರು. ಆದರೆ ಡೊಂಬಿವಲಿಯ ಅವರ ಬಿಲ್ಡಿಂಗಿನಲ್ಲಿ ನಳ್ಳಿಯ ನೀರು ನಿಂತ ದಿನಗಳಿದ್ದವೇ ಹೊರತು ಎದುರು ಮನೆಯ ಯಜ್ಞೇಶ್ವರನ ಮಾತು ನಿಂತ ದಿನವಿರಲಿಲ್ಲ.

ಲೋಕನಾಥರ ಮಗಳು ಮಾನಸಿಗೆ ಠಾಣೆಯ ವರ್ತಕ ನಗರದ ಸಂಬಂಧ ತಂದವನು ಇವನೇ. ಹುಡುಗ ವಿಶಾಲ್. ಅವನ ತಂದೆ ದಯಾನಂದರು ಬೇಲಾಪುರದ ಆಫೀಸೊಂದರಲ್ಲಿ ಸಾಹೇಬರು. ಹುಡುಗ ಹುಡುಗಿ ಒಪ್ಪಿದ್ದರು, ಜಾತಕ ಕೂಡಿತ್ತು, ಇನ್ನು ನಿಶ್ಚಿತಾರ್ಥವೊಂದು ಬಾಕಿ. ಅಷ್ಟರಲ್ಲಿ ಒಂದು ಬೆಳಿಗ್ಗೆ ಯಜ್ಞೇಶ್ವರ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

"ಲೋಕಣ್ಣ, ವಿಷಯ ಗೊತ್ತುಂಟಾ? ಆ ದಯಾನಂದರಿಗೆ ಟ್ರೆಕಿಂಗಿನ ಮರ್ಲು. ಕೋಟೆ, ಗುಡ್ಡ ಅಂದ್ರೆ ಪ್ರಾಣ. ಭಾನುವಾರ ಎರಡೂ ಮನೆಯವರು ಸೇರಿ ಕಾತಳಗಡದ ಕೋಟೆ ಹತ್ತುವ ಅಂತಿದ್ದಾರೆ. ನಾನು ಹೂಂ ಅಂದುಬಿಟ್ಟೆ."

"ನನ್ನನ್ನು ಕೇಳದೆ ಎಂತಕ್ಕೆ ಹೂಂ ಅಂದದ್ದು ಮಾರಾಯ? ನನಗೆ ನಮ್ಮ ಬಿಲ್ಡಿಂಗಿನ ಎರಡು ಮಾಳಿಗೆ ಹತ್ತುವುದೇ ಒಂದು ಗಡ!"

"ಹಾಗೆ ಹೇಳ್ಬೇಡಿ. ನೀವೂ ಭಾರೀ ಟ್ರೆಕ್ಕರ್ ಅಂತ ನಾನು ಹೇಳಿ ಆಗಿದೆ."

ಲೋಕನಾಥರು ಸಹಾಯಕ್ಕಾಗಿ ಹೆಂಡತಿ ಚಂಪಾಳ ಕಡೆ ನೋಡಿದರು. ಚಂಪಾ ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು. ಗಂಡ ಉಕ್ಕಿದರೆ ಅವಳಿಗೆ ಚಿಂತೆಯಿರಲಿಲ್ಲ. "ಮಗಳ ಮದುವೆಗಿಂತ ನಿಮ್ಮ ಮೊಣಕಾಲು ದೊಡ್ಡದಾ?" ಎಂದಳು. ಅಲ್ಲಿಗೆ ತೀರ್ಪು ಬಂತು.

ಭಾನುವಾರ ಬೆಳಿಗ್ಗೆ ಯಜ್ಞೇಶ್ವರನೊಂದಿಗೆ ಮನೆಯವರೆಲ್ಲ ಕಸಾರಾ ಲೋಕಲ್ ಹಿಡಿದು ಆಸನ್‌ಗಾಂವ್‌ನಲ್ಲಿ ಇಳಿದಾಗ ದಯಾನಂದರ ಕುಟುಂಬ ಆಗಲೇ ಕಾಯುತ್ತಿತ್ತು. ದಯಾನಂದರನ್ನು ಕಂಡೊಡನೆ ಲೋಕನಾಥರು ಒಂದು ಹೆಜ್ಜೆ ಹಿಂದೆ ಸರಿದರು. ತಲೆಗೆ ಅಗಲವಾದ ಟೊಪ್ಪಿ, ಎರಡು ಕೈಗೂ ಎರಡು ಕೋಲು, ಕಾಲಿಗೆ ದೋಣಿಯಂಥ ಶೂ. ಮನುಷ್ಯ ಹಿಮಾಲಯಕ್ಕೆ ಹೊರಟವನು ದಾರಿ ತಪ್ಪಿ ಇಲ್ಲಿ ಇಳಿದಂತಿತ್ತು. ಲೋಕನಾಥರ ಕಾಲಲ್ಲಿ ಮಗಳು ತಂದುಕೊಟ್ಟ ಕ್ಯಾನ್ವಾಸ್ ಶೂ, ಆಗ ತಾನೇ ಹಬೆಯಿಂದ ತೆಗೆದ ಇಡ್ಲಿಯಷ್ಟು ಬಿಳಿ.

"ನೀವು ದೊಡ್ಡ ಅನುಭವಿಗಳಂತೆ," ಎಂದರು ದಯಾನಂದರು ಗಂಭೀರವಾಗಿ.

"ನಿಮ್ಮೆದುರು ಎಂತದು," ಎಂದರು ಲೋಕನಾಥರು. ಅದೊಂದು ಮಾತು ಮಾತ್ರ ಅವರು ಆ ದಿನ ಪ್ರಾಮಾಣಿಕವಾಗಿ ಆಡಿದ್ದು.

ರಿಕ್ಷಾಗಳು ಅವರನ್ನು ಗುಡ್ಡದ ಬುಡದ ಹಳ್ಳಿಯಲ್ಲಿ ಇಳಿಸಿದವು. ಅಲ್ಲೊಂದು ಪುಟ್ಟ ಮಹಾದೇವನ ಗುಡಿ. ಮೂಲ ಲಿಂಗ ಗುಡ್ಡದ ನೆತ್ತಿಯಲ್ಲಿದೆಯೆಂದು ಗುಡಿಯ ಭಟ್ಟರು ಹೇಳಿದರು. ಮಳೆಗಾಲ ಆಗಷ್ಟೇ ಹಿಂದೆಗೆದಿತ್ತು. ಹುಲ್ಲು ಎದೆಯೆತ್ತರ, ನೆಲ ಬೆಣ್ಣೆಯಂತೆ ನುಣುಪು. ಗುಡ್ಡದ ಅರ್ಧಕ್ಕೆ ಮೋಡ ಕವಿದು ನೆತ್ತಿ ಕಾಣುತ್ತಿರಲಿಲ್ಲ. ಕಾಣದ್ದೇ ಒಳ್ಳೆಯದಾಯಿತೆಂದು ಲೋಕನಾಥರು ಸಮಾಧಾನಪಟ್ಟರು.

ವಿಶಾಲ್ ಮುಂದೆ ನಡೆಯುತ್ತ ವಿವರಿಸತೊಡಗಿದ. "ಅಂಕಲ್, ಯೇ ಪೂರಾ ಪಹಾಡ್ ಲಾವಾ ಹೈ. ಜ್ವಾಲಾಮುಖಿ ಹರಿದು ಹರಿದು ಲೇಯರ್ ಲೇಯರ್ ಆಗಿದೆ."

"ಈಗ ತಣಿದಿದೆ ತಾನೆ?" ಎಂದು ಲೋಕನಾಥರು ಒಂದು ಕಾಲು ಎತ್ತಿಕೊಂಡೇ ಕೇಳಿದರು.

ಮಾನಸಿ ನಕ್ಕು, "ಪಪ್ಪಾ, ಕರೋಡೋ ಸಾಲ್ ಹೋ ಗಯೇ! ತಣಿದು ಕೋಟಿಗಟ್ಟಲೆ ವರ್ಷ ಆಯ್ತು!" ಎಂದಳು. ಕಪ್ಪು ಬಂಡೆಯ ತುಂಬ ಸಣ್ಣ ಸಣ್ಣ ತೂತುಗಳಿದ್ದವು. ಲೋಕನಾಥರು ಬೆರಳಾಡಿಸಿ ನೋಡಿದರು. ಥೇಟ್ ಸೆಟ್ ದೋಸೆ. ಕಾವಲಿ ಚೆನ್ನಾಗಿ ಕಾದಿರದಿದ್ದರೆ ಇಷ್ಟು ತೂತು ಬೀಳುವುದಿಲ್ಲ ಎಂದು ಅವರಿಗೆ ಆ ಗುಡ್ಡದ ಮೇಲೆ ಗೌರವ ಹುಟ್ಟಿತು. ಹತ್ತಲು ಶುರುಮಾಡಿದ ಮೇಲೆ ಆ ಗೌರವ ಹೆಚ್ಚು ಹೊತ್ತು ಉಳಿಯಲಿಲ್ಲ.

ಮೊದಲ ಏರಿಗೇ ಅವರ ಉಸಿರು ಹೋಟೆಲಿನ ಹಳೆಯ ಗ್ರೈಂಡರಿನಂತೆ ಗರಗರ ಎನ್ನತೊಡಗಿತು. ನಿಂತರೆ ಮರ್ಯಾದೆ ಹೋಗುತ್ತದೆ, ನಿಲ್ಲದಿದ್ದರೆ ಪ್ರಾಣ. ಕೊನೆಗೆ ಉಪಾಯ ಹೊಳೆಯಿತು. ದಾರಿ ಬದಿಯ ಒಂದು ಕಲ್ಲಿನ ಮುಂದೆ ನಿಂತು ಕೈಮುಗಿದು ಉದ್ಗರಿಸಿದರು: "ಆಹಾ! ಈ ಕಲ್ಲು ನೋಡಿ. ಪೇಶ್ವೆಯವರ ಕಾಲದ್ದು!"

ಹಿಂದೆಯೇ ಬರುತ್ತಿದ್ದ ಯಜ್ಞೇಶ್ವರ ಬಗ್ಗಿ ನೋಡಿದ. "ಲೋಕಣ್ಣ, ಇದರಲ್ಲಿ ಗ್ರಾಮಪಂಚಾಯತ್ ಅಂತ ಬರೆದಿದೆ."

ಲೋಕನಾಥರ ಮುಖ ಕೆಂಪಾಯಿತು. ಆದರೆ ದಯಾನಂದರು ಬಂದು ಕಲ್ಲಿಗೆ ಒರಗಿ ನಿಂತು, "ಬರೆದದ್ದು ಆಮೇಲೆ. ಕಲ್ಲು ಹಳೆಯದೇ. ಇಂಥದನ್ನು ನಿಧಾನಕ್ಕೆ ನೋಡಬೇಕು," ಎಂದು ಬಹಳ ಹೊತ್ತು ನೋಡಿದರು. ಲೋಕನಾಥರಿಗೆ ಬೆವರೊಡೆಯಿತು. ಈ ಮನುಷ್ಯ ಕಲ್ಲನ್ನು ಪರೀಕ್ಷಿಸುತ್ತಿದ್ದಾನೋ, ತನ್ನನ್ನೋ?

ಮುಂದೆ ಹೆಜ್ಜೆಗೊಂದು ಇತಿಹಾಸ ಸಿಕ್ಕಿತು. ಲೋಕನಾಥರು ಕಂಡ ಗುಂಡಿಯೆಲ್ಲ ಮದ್ದಿನ ಕೋಣೆಯಾಯಿತು, ಹುತ್ತವೆಲ್ಲ ಬುರುಜಾಯಿತು. ಬಂಡೆಯಲ್ಲಿ ಕೊರೆದ ನಿಜವಾದ ನೀರಿನ ಟಾಂಕಿಯೊಂದು ಸಿಕ್ಕಿದಾಗ ಅವರಿಗೇ ಆಶ್ಚರ್ಯವಾಗಿ, ಆಳ ನೋಡುವ ನೆಪದಲ್ಲಿ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟರು. ಕಾಲು ಮೇಲೆ ಬಂತು, ಶೂ ಬರಲಿಲ್ಲ. ಒಂದು ಇಡ್ಲಿ ಸಾಂಬಾರಿನಲ್ಲಿ ಮುಳುಗಿದ ಹಾಗೆ ಅದು ಪಾಚಿಯೊಳಗೆ ಮಾಯವಾಯಿತು.

"ಅಯ್ಯೋ, ಬರಿಗಾಲು!" ಎಂದರು ವಿಶಾಲನ ತಾಯಿ ಜಯಲತಾ.

"ಕೋಟೆಗೆ ಬರಿಗಾಲಲ್ಲೇ ಹೋಗಬೇಕು. ಅದು ಮರ್ಯಾದೆ," ಎಂದರು ಲೋಕನಾಥರು. ಇನ್ನೊಂದು ಕಾಲಿನ ಶೂ ಏಕೆ ತೆಗೆಯಲಿಲ್ಲವೆಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಡಿದಾದ ಕಪ್ಪು ಗೋಡೆ ಎದುರಾಯಿತು. ಅದಕ್ಕೆ ಒರಗಿಸಿದ ಕಬ್ಬಿಣದ ಏಣಿ ಕೆಳಕ್ಕಿಳಿದಿದ್ದ ಮೋಡದೊಳಗೆ ಹೋಗಿ ಕಾಣದಾಗಿತ್ತು. ಲೋಕನಾಥರು ಕತ್ತೆತ್ತಿ ಅದರ ತುದಿ ಹುಡುಕಿದರು. ಆಗಲೇ ಅವರ ಬಾಯಿಂದ, ತಮಗೇ ಗೊತ್ತಿಲ್ಲದೆ, ಮಾತೊಂದು ಹೊರಟಿತು.

"ನೀವೆಲ್ಲ ಏಣಿಯಲ್ಲಿ ಹೋಗಿ. ನಾನು ಬಲಬದಿಯ ಹಳೆಯ ರಾಜಮಾರ್ಗದಲ್ಲಿ ಬರ್ತೇನೆ. ಗೊತ್ತಿದ್ದವರು ಹೋಗುವ ದಾರಿ ಅದು."

"ನಾನೂ ಅವರೊಟ್ಟಿಗೇ!" ಎಂದು ದಯಾನಂದರು ತಟ್ಟನೆ ಹೇಳಿದರು.

ಲೋಕನಾಥರಿಗೆ ಜೀವ ಹಾರಿತು. ಇರುವುದೋ ಇಲ್ಲವೋ ಗೊತ್ತಿಲ್ಲದ ರಾಜಮಾರ್ಗ, ಅದಕ್ಕೆ ಈ ಪರೀಕ್ಷಕ ಬೇರೆ. ರಾಜಮಾರ್ಗ ಹುಲ್ಲಿನ ನಡುವೆ ತೆಳ್ಳಗೆ ಹೊರಟು, ಮೇಕೆಗಳ ಹಿಕ್ಕೆಯ ಮೇಲೆ ಹಾದು, ಒಂದು ಪೊದೆಯ ಬಳಿ ಮುಗಿದೇಹೋಯಿತು. ಆಮೇಲಿನದು ಇಳಿಜಾರು. ಲೋಕನಾಥರ ಬರಿಗಾಲು ಜಾರಿತು. ಅವರು ಹಿಡಿದದ್ದು ದಯಾನಂದರ ಕೋಲನ್ನು, ದಯಾನಂದರು ಹಿಡಿದದ್ದು ಹುಲ್ಲನ್ನು, ಹುಲ್ಲು ಯಾರನ್ನೂ ಹಿಡಿಯಲಿಲ್ಲ. ಇಬ್ಬರೂ ಶಾಲೆಯ ಜಾರುಬಂಡೆಯಲ್ಲಿ ಮಕ್ಕಳು ಬರುವಂತೆ ಒಬ್ಬರ ಹಿಂದೊಬ್ಬರು ಕುಳಿತ ಭಂಗಿಯಲ್ಲೇ ಜಾರಿ, ಒಂದು ಹಳೆಯ ಗುಹೆಯ ಅಂಗಳಕ್ಕೆ ಬಂದು ನಿಂತರು.

ಯಾವ ಕಾಲದ ಭಿಕ್ಷುಗಳು ಕೊರೆದ ಗುಹೆಯೋ. ನಾಲ್ಕು ಕಂಬ, ಗೋಡೆಗೆ ಕಲ್ಲಿನ ಮಂಚ, ಒಳಗೆ ಅಪ್ಪಟ ತಂಪು. ಟೊಪ್ಪಿ ಕಳಕೊಂಡ ದಯಾನಂದರು ಕಲ್ಲುಮಂಚದ ಮೇಲೆ ಕುಸಿದು ದೋಣಿಯಂಥ ಶೂ ಎಳೆದೆಳೆದು ತೆಗೆದರು. ಅಟ್ಟೆಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಹಿಮ್ಮಡಿಯಲ್ಲಿ ಗೋಳಿಬಜೆಯಂಥ ಬೊಕ್ಕೆ.

"ದಯಾನಂದರೇ, ಶೂ... ಹೊಸದಾ?"

ದಯಾನಂದರು ಹಿಮ್ಮಡಿ ಒತ್ತಿಕೊಂಡರು. ಅವರ ಕಣ್ಣಲ್ಲಿ ನೀರು ತುಂಬಿತ್ತು. "ಲೋಕನಾಥರೇ, ತಪ್ಪು ತಿಳ್ಕೊಳ್ಬೇಡಿ. ನಿಮಗೆ ಗುಡ್ಡ ಹತ್ತುವುದು ಅಂದ್ರೆ ಪ್ರಾಣ ಅಂತ ಗೊತ್ತು. ಆದ್ರೆ ನನ್ನಿಂದ ಇನ್ನು ಒಂದು ಹೆಜ್ಜೆ ಆಗುದಿಲ್ಲ. ಬೇಲಾಪುರದ ಸ್ಟೇಶನ್ನಿನಿಂದ ಆಫೀಸಿಗೆ ಸಹ ನಾನು ಬಸ್ಸಿನಲ್ಲೇ ಹೋಗುವುದು."

ಲೋಕನಾಥರು ಬಾಯಿ ತೆರೆದವರು ಮುಚ್ಚಲು ಮರೆತರು. "ನನಗೆ ಪ್ರಾಣವಾ? ನಿಮಗೆ ಮರ್ಲು ಅಂತಲ್ವಾ ಹೇಳಿದ್ದು!"

"ಯಾರು ಹೇಳಿದ್ದು?"

ಇಬ್ಬರೂ ಒಂದೇ ಉಸಿರಿಗೆ "ಯಜ್ಞೇಶ್ವರ!" ಎಂದರು. ಗುಹೆ ಆ ಹೆಸರನ್ನು ಮೂರು ಸಲ ತಿರುಗಿ ಹೇಳಿತು.

ಸಂಬಂಧಕ್ಕೆಂದು ವಿಶಾಲ್ ಕಳಿಸಿದ ಫೋಟೋದಲ್ಲಿ ಅವನ ಹಿಂದೆ ಯಾವುದೋ ಕೋಟೆ ಇತ್ತಂತೆ. ಅದಿಷ್ಟೇ ಸಾಕಾಗಿತ್ತು ಯಜ್ಞೇಶ್ವರನಿಗೆ. ಅಲ್ಲಿ ಹೋಗಿ ಇವರ ಹುಚ್ಚಿನ ಕತೆ, ಇಲ್ಲಿ ಬಂದು ಅವರ ಹುಚ್ಚಿನ ಕತೆ. ಬೀಗರಿಬ್ಬರೂ ಮೊದಲು ಅವನನ್ನು ಮನಸಾರೆ ಬೈದರು, ಆಮೇಲೆ ನಗತೊಡಗಿದರು, ನಕ್ಕು ನಕ್ಕು ಹಸಿವಾಗಿ ಲೋಕನಾಥರ ಚೀಲದಲ್ಲಿದ್ದ ಬನ್ಸನ್ನು ಹಂಚಿಕೊಂಡು ತಿಂದರು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಕಲ್ಲಿನ ಮಂಚ ತಣ್ಣಗಿತ್ತು. ಸ್ವಲ್ಪ ಬೆನ್ನು ಚಾಚುವ ಎಂದು ಮಲಗಿದವರಿಗೆ ಎಚ್ಚರವಾದಾಗ ಬಿಸಿಲು ಗುಹೆಯ ಬಾಗಿಲಿನಿಂದ ಪೂರ್ತಿ ಆಚೆ ಸರಿದಿತ್ತು.

"ದೇವರೇ! ಏನು ಹೇಳುವುದು ಈಗ?" ಎಂದರು ದಯಾನಂದರು.

"ನಿದ್ದೆ ಮಾಡಿದೆವು ಅಂದ್ರೆ ಮುಗಿಯಿತು. ಯಜ್ಞೇಶ್ವರ ನಾಳೆಯೇ ಡೊಂಬಿವಲಿಯ ಪ್ರತಿ ಬಾಗಿಲಿಗೂ ಹೋಗಿ ಹೇಳ್ತಾನೆ. ನನ್ನ ಹೋಟೆಲಲ್ಲಿ ಚಾ ಕುಡಿಯುವವರೂ ನಗಾಡಿಯಾರು." ಲೋಕನಾಥರು ಬೀಗರ ಕೈ ಹಿಡಿದುಕೊಂಡರು. "ಮೇಲೆ ಹೋಗಿ ಬಂದೆವು ಅಂತಲೇ ಹೇಳುವ. ಮೋಡದಲ್ಲಿ ಯಾರಿಗೆ ಕಾಣ್ತದೆ?"

ಗುಹೆಯ ಕೆಳಗಿನಿಂದ ದನಗಾಹಿಗಳ ದಾರಿಯೊಂದು ಹಳ್ಳಿಗೇ ಇಳಿಯುತ್ತಿತ್ತು. ಕುಂಟುತ್ತ ಹಳ್ಳಿ ಮುಟ್ಟಿದಾಗ ಮಹಾದೇವನ ಗುಡಿಯ ಜಗಲಿಯಲ್ಲಿ ಚಂಪಾ, ಜಯಲತಾ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ಕುಳಿತಿದ್ದರು. ಏಣಿಯ ಮೂರನೇ ಮೆಟ್ಟಿಲಿಗೇ ಜಯಲತಾರಿಗೆ ತಲೆ ತಿರುಗಿ ಎಲ್ಲರೂ ಆಗಲೇ ಹಿಂದಿರುಗಿದ್ದರಂತೆ. ವಿಶಾಲ್ ಊರವರನ್ನು ಕರೆದುಕೊಂಡು ಹುಡುಕಲು ಹೊರಟು ನಿಂತಿದ್ದ.

"ಪಪ್ಪಾ!" ಎಂದು ಮಾನಸಿ ಓಡಿಬಂದು ಅಪ್ಪಿಕೊಂಡಳು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು ಚಂಪಾ. ಅವಳ ಪ್ರೀತಿಯ ಭಾಷೆ ಅದೇ.

"ಎಲ್ಲಿಗೆ ಅಂದ್ರೆ? ಮೇಲಕ್ಕೆ!" ಎಂದರು ಲೋಕನಾಥರು, ಗುಹೆಯ ಮಣ್ಣನ್ನು ಮೈಯಿಂದ ಕೊಡವುತ್ತ. "ನೆತ್ತಿಯವರೆಗೆ."

ಯಜ್ಞೇಶ್ವರನ ಕಣ್ಣು ಕಿರಿದಾಯಿತು. "ನಿಜವಾಗಿ ನೆತ್ತಿಯವರೆಗೆ ಹೋಗಿ ಬಂದ್ರಾ? ಊರಿನವರು ಭಾರೀ ಕಷ್ಟ ಅಂತಾರೆ."

"ಕಷ್ಟ ಎಂತದು? ರಾಜಮಾರ್ಗ ಮಾರಾಯ, ಕಣ್ಣು ಮುಚ್ಚಿ ಹತ್ತಬಹುದು."

ದಯಾನಂದರಿಗೂ ಹುರುಪು ಬಂತು. "ಮೇಲೆ ಮಹಾದೇವನ ಲಿಂಗ ಉಂಟು, ಗಾಳಿ ಉಂಟು. ದಿನಾ ಹತ್ತಿದ್ರೂ ಬೇಸರ ಆಗ್ಲಿಕ್ಕಿಲ್ಲ."

ಚಂಪಾ ಮತ್ತು ಜಯಲತಾ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ಮುಖದಲ್ಲೂ ದೊಡ್ಡ ಭಾರ ಇಳಿದ ಕಳೆ.

"ಅಬ್ಬ, ಬದುಕಿದೆವು!" ಎಂದರು ಜಯಲತಾ. "ನೀವಿಬ್ಬರು ಕಾಣದಾದಾಗ ನಾವು ಇಲ್ಲಿ ಹರಕೆ ಹೇಳಿಕೊಂಡೆವು. ಇವರಿಬ್ಬರು ಜೀವಸಹಿತ ಬಂದರೆ, ಕಾರ್ತಿಕದ ಪ್ರತಿ ಸೋಮವಾರ ಇವರ ಕೈಯಲ್ಲೇ ಮೇಲಿನ ಮಹಾದೇವನಿಗೆ ಕಾಯಿ ಒಡೆಸ್ತೇವೆ, ಅದು ಮುಗಿದ ಮೇಲೆಯೇ ನಿಶ್ಚಿತಾರ್ಥ ಅಂತ."

ಲೋಕನಾಥರು ದಯಾನಂದರ ತೋಳು ಹಿಡಿದರು. ದಯಾನಂದರು ಹಿಡಿಯಲು ಬೇರೇನೂ ಸಿಗದೆ ಗುಡಿಯ ಕಂಬ ಹಿಡಿದರು.

"ಹೇಳಿ ಆದ ಮೇಲೆ ಹೆದರಿಕೆಯಾಯ್ತು ನೋಡಿ," ಎಂದಳು ಚಂಪಾ. "ನಿಮಗೆ ಅಷ್ಟು ಕಷ್ಟದ ಗುಡ್ಡ ಆದ್ರೆ ಪಾಪ ಬೇಡ, ಈ ಕೆಳಗಿನ ಗುಡಿಯಲ್ಲೇ ಒಂದು ತಪ್ಪುಕಾಣಿಕೆ ಹಾಕಿ ಹರಕೆ ಬಿಡಿಸಿಕೊಳ್ಳುವ ಅಂತ ಭಟ್ಟರ ಹತ್ತಿರ ಮಾತಾಡಿಯೂ ಆಗಿತ್ತು. ಇನ್ನು ಅದೆಲ್ಲ ಎಂತಕ್ಕೆ? ಕಣ್ಣು ಮುಚ್ಚಿ ಹತ್ತುವ ದಾರಿಯಲ್ವಾ?"

"ನಾನೂ ಬರ್ತೇನೆ ಲೋಕಣ್ಣ," ಎಂದ ಯಜ್ಞೇಶ್ವರ ಹಲ್ಲು ಕಿರಿಯುತ್ತ. "ರಾಜಮಾರ್ಗ ನನಗೂ ನೋಡ್ಬೇಕು."

ಆಗ ಗಾಳಿ ಬೀಸಿ, ಬೆಳಿಗ್ಗೆಯಿಂದ ಕವಿದಿದ್ದ ಮೋಡ ಮೆಲ್ಲಗೆ ಸರಿಯಿತು. ಕಾತಳಗಡದ ನೆತ್ತಿ ಆ ದಿನ ಮೊದಲ ಬಾರಿಗೆ ಕಾಣಿಸಿತು. ತಾವು ಹೆದರಿದ್ದ ಏಣಿ ಗುಡ್ಡದ ಮೊಣಕಾಲಿನಷ್ಟಕ್ಕೂ ಬಂದಿಲ್ಲವೆಂದು ಲೋಕನಾಥರಿಗೆ ಆಗ ತಿಳಿಯಿತು.