ಎಂಟು ಕ್ಯಾಲ್ಕುಲೇಟರಿಗೆ ಒಂದೇ ಫ್ಯಾನು

ಎಂಬತ್ತೇಳನೆಯ ಇಸವಿಯ ಏಪ್ರಿಲ್ ತಿಂಗಳು. ಸುವರ್ಣಮ್ಮನ ಕೋಪ ಬಳ್ಳಾರಿಯ ಬಿಸಿಲಿಗಿಂತ ಎರಡು ಡಿಗ್ರಿ ಜಾಸ್ತಿಯೇ ಇತ್ತು. ಇರದೆ ಏನು? ಮನೆಗೆಲ್ಲ ಇದ್ದದ್ದು ಒಂದೇ ಒಂದು ಟೇಬಲ್ ಫ್ಯಾನು. ಅದೂ ತವರಿನವರು ಸಿರುಗುಪ್ಪದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದುಕೊಟ್ಟದ್ದು. ಅದೀಗ ಪಡಸಾಲೆಯಲ್ಲಿ ಕೂತು ಎಂಟು ಕ್ಯಾಲ್ಕುಲೇಟರುಗಳಿಗೆ ಗಾಳಿ ಬೀಸುತ್ತಿತ್ತು! ಅಡಿಗೆಮನೆಯಲ್ಲಿ ರೊಟ್ಟಿಯ ಜೊತೆ ಸುವರ್ಣಮ್ಮನೂ ಬೇಯುತ್ತಿದ್ದಳು.

ಈ ಮಹಾಯಜ್ಞದ ಯಜಮಾನ ಗಂಡ ಹಾಲಸಿದ್ದಪ್ಪ, ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ಮಳೆಯ ಲೆಕ್ಕ ಹಾಕುವ ಸೂಪರ್ ಕಂಪ್ಯೂಟರನ್ನು ಫಾರಿನ್ನಿನವರು ನಮಗೆ ಕೊಡದೆ ಸತಾಯಿಸುತ್ತಿದ್ದಾರೆ ಎಂದು ಪೇಪರಿನಲ್ಲಿ ಓದಿದ್ದೇ ತಡ, ಸ್ವಾಭಿಮಾನ ಕೆರಳಿಬಿಟ್ಟಿತ್ತು. ಕಂಡಕಂಡವರ ಕ್ಯಾಲ್ಕುಲೇಟರುಗಳನ್ನು ಬೇಡಿ ತಂದು (ಒಂದರಲ್ಲಿ ಏಳು ಮೂಡುತ್ತಿರಲಿಲ್ಲ, ಇರಲಿ) ಚಾಪೆಯ ಮೇಲೆ ಸಾಲಾಗಿ ಜೋಡಿಸಿದ್ದ.

"ಒಂದು ದೊಡ್ಡ ಲೆಕ್ಕಾನ ಎಂಟು ಪಾಲು ಮಾಡಿ, ಎಂಟಕ್ಕೂ ಒಮ್ಮೆಲೆ ಕೊಟ್ರಾತು. ಅದ ಸೂಪರ್ ಕಂಪ್ಯೂಟರ್!"

"ಅದಕ್ಕ ನನ್ನ ಫ್ಯಾನ್ ಯಾಕ್ರಿ?"

"ಫಾರಿನ್ನಾಗ ಅವನ್ನ ತಣ್ಣಗ ಇಡ್ತಾರ ಸುವರ್ಣಾ. ಬಿಸಿಯಾದ್ರ ತಲಿ ಕೆಡ್ತೈತಿ."

"ನಂದು ಕೆಟ್ಟೈತಲ್ಲ, ಅದು ಕಾಣಂಗಿಲ್ಲೇನು? ನಾನೇನು ಬಳ್ಳಾರಿ ಕ್ವಾಟಿ ಗುಡ್ಡದ ಬಂಡಿಗಲ್ಲೇನ್ರಿ, ಕಾದಷ್ಟೂ ಸುಮ್ನಿರಾಕ?"

"ಒಂದ ತೊಡಕೈತಿ ನೋಡು," ಎಂದ ಹಾಲಸಿದ್ದಪ್ಪ, ಏನೂ ಕೇಳಿಸಿಯೇ ಇಲ್ಲವೆಂಬಂತೆ. "ಬಟನ್ ಒತ್ತಾಕ ನನಗಿರೋವು ಎರಡ ಕೈ. ನೀನೂ ಬಂದು ಕುಂದ್ರು."

"ನಾ ಬಟನ್ ಒತ್ಕೋತ ಕುಂತ್ರ ರೊಟ್ಟಿ ಯಾರು ಬಡೀತಾರ್ರಿ?"

ಧಡಧಡನೆ ಹಿತ್ತಲಿಗೆ ಹೋದವಳೇ, ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಅಂಬುಜಮ್ಮನೆದುರು ಎಲ್ಲ ಒದರಿದಳು. (ಅಂಬುಜಮ್ಮನ ಎಡಗಿವಿ ರಿಟೈರಾಗಿತ್ತು, ಬಲಗಿವಿ ರಜೆಯ ಮೇಲಿತ್ತು.)

"ಮನ್ಯಾಗ ಸೂಪರ್ ಕಂಪ್ಯೂಟರ್ ಇಟ್ಟಾರ್ರಿ ಇವರು!"

"ಮನ್ಯಾಗೇ? ಪುಣ್ಯಾ ಮಾಡೀರಿ ಬಿಡ್ರಿ!" ಎಂದವಳೇ ಅಂಬುಜಮ್ಮ, ಒದ್ದೆ ಸೀರೆ ಅಲ್ಲೇ ಬಿಟ್ಟು ಒಳಗೆ ಓಡಿದಳು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಜನ! ಒಬ್ಬರಿಗೆ ಕೆಮ್ಮು, ಒಬ್ಬರಿಗೆ ಸೊಂಟ. ಎಲ್ಲರಿಗಿಂತ ಮುಂದೆ ಅಂಬುಜಮ್ಮ, ಪಕ್ಕದಲ್ಲಿ ಕುರುಗೋಡಿನ ಮೊದಲ ಬಸ್ಸಿಗೇ ಬಂದಿದ್ದ ಅವಳ ಬೀಗತಿ ಗಾದೆಮ್ಮ.

"ಸೂಪರ್ ಕಂಪೌಂಡರ್ ಇಲ್ಲೇ ಏನವ್ವಾ ಇರಾದು?" ಎಂದಳು ಗಾದೆಮ್ಮ ಮೊಣಕಾಲು ಒತ್ತಿಕೊಳ್ಳುತ್ತ. "ಸೂಜಿ ಚುಚ್ಚತಾನೋ, ಬರೇ ಗುಳಿಗಿನೋ?"

ಸುವರ್ಣಮ್ಮನಿಗೆ ಅರ್ಥವಾಯಿತು. ಅರ್ಥವಾದೊಡನೆ ಮೈಯೆಲ್ಲ ಸೇಡು ಜುಮ್ಮೆಂದಿತು. ನುಗ್ಗಲಿ ಒಳಗೆ! ಈ ಜನರ ಕಾಟಕ್ಕೆ ಗಂಡ ಚಾಪೆ ಸುತ್ತಿಡುತ್ತಾನೆ, ಫ್ಯಾನು ತಾನಾಗಿಯೇ ಅಡಿಗೆಮನೆಗೆ ಬರುತ್ತದೆ.

"ಇಲ್ಲೇ ಐತಿ. ಒಳಗ ನಡೀರಿ. ಎಲ್ಲಾರೂ ನಡೀರಿ!"

ಒಲೆಯ ಮುಂದೆ ಕೂತು ಜಗಳಕ್ಕಾಗಿ ಕಿವಿಗೊಟ್ಟಳು. ಜಗಳವೇ ಇಲ್ಲ! ಇಣುಕಿ ನೋಡಿದರೆ, ಎಂಟು ಜನ ಸಾಲಾಗಿ ಕೂತಿದ್ದಾರೆ, ತೊಡೆಗೊಂದು ಕ್ಯಾಲ್ಕುಲೇಟರು; ಇದೇ ಔಷಧವೆಂಬ ಭಕ್ತಿಯಿಂದ ಬಟನ್ ಒತ್ತುತ್ತಿದ್ದಾರೆ. ಫ್ಯಾನು ಎಡಕ್ಕೂ ಬಲಕ್ಕೂ ತಲೆಯಾಡಿಸುತ್ತ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿದೆ.

"ಸುವರ್ಣಾ, ಕೈ ಸಿಕ್ಕುವು! ಹದಿನಾರು ಕೈ!" ಹಾಲಸಿದ್ದಪ್ಪ ಕುಣಿಯುವುದೊಂದು ಬಾಕಿ. "ಇವರಿಗೆಲ್ಲ ಚಾ ಮಾಡು!"

"ಏನ್ ಗಾಳಿಯವ್ವಾ!" ಗಾದೆಮ್ಮ ಕಣ್ಣು ಮುಚ್ಚಿದಳು. "ಮಣಕಾಲ್ ಬ್ಯಾನಿ ಅರ್ಧ ಹೋತು. ನಾಳಿ ನಮ್ಮ ತಂಗೀನೂ ಕರ್ಕೊಂಡು ಬರ್ತೀನಿ."

ಮೂರನೇ ಸಲ ಚಹಾ ಕುದಿಯುವ ಹೊತ್ತಿಗೆ ಸುವರ್ಣಮ್ಮನೂ ಕುದ್ದು ಮುಗಿದಿದ್ದಳು. ಕೊನೆಗೆ ಸೊಂಟ ಹಿಡಿದುಕೊಂಡು, ನರಳುತ್ತ, ಫ್ಯಾನಿನ ಮುಂದೆ ನುಸುಳಿದಳು. "ಯವ್ವಾ... ನನಗೂ ಆರಾಮಿಲ್ರೀ..."

ಅಂಬುಜಮ್ಮ ಕ್ಯಾಲ್ಕುಲೇಟರಿನಿಂದ ತಲೆಯೆತ್ತದೆ ಕೈ ಅಡ್ಡ ಹಿಡಿದಳು.

"ಪಾಳಿ ಹಚ್ರಿ ಸುವರ್ಣಮ್ಮಾ! ಮನಿಯವರಂತ ಮುಂದ ಬಿಡಂಗಿಲ್ಲ. ನಿಮ್ಮದು ಒಂಬತ್ತನೇ ನಂಬರ್."

"ಹಾಂ ಸುವರ್ಣಾ," ಎಂದ ಹಾಲಸಿದ್ದಪ್ಪ, "ಒಳಗ ಹೋದಕೂಡ್ಲೆ ಅಡಿಗಿಮನಿ ಬಾಗಲಾ ಹಾಕ್ಕೋ. ಒಲಿ ಝಳ ಮಷೀನಿಗೆ ಹೊಡಿಯಾಕ ಹತ್ತೈತಿ."