ಬರಿಗೈಯಲ್ಲಿ ನಡೆಯುವ ಗರ್ಭಿಣಿಯರನ್ನು ಹಿಡಿದು ಮನೆಗೆ ಮುಟ್ಟಿಸುವುದನ್ನು ನಿಲ್ಲಿಸುವ ಕುರಿತು

ಸಂಬಂಧಪಟ್ಟ ಇಲಾಖೆಯ ಕಾರ್ಯಾಲಯ, ಚಿತ್ತಾಪುರ

ಸಂಖ್ಯೆ: ಸಂ.ಇ./ಗರ್ಭಿಣಿ/ನಡಿಗೆ/ಬರಿಗೈ/7/1974-75
ದಿನಾಂಕ: 18-11-1974

ಸುತ್ತೋಲೆ

ವಿಷಯ: ಗುಂಡಗುರ್ತಿ ಗ್ರಾಮದ ಶ್ರೀಮತಿ ಮಾಳಮ್ಮ ಗಂಡ ಸಾಯಬಣ್ಣ ಇವರು ಎಲ್ಲಿಗೂ ಹೋಗದೆ ನಡೆಯುವ ಬಗ್ಗೆ.

ಉಲ್ಲೇಖ: (1) ನರ್ಸಬಾಯಿ ಬಷೀರಾ ಇವರ ದೂರು.
(2) ತಾವು ಮಾಡಿದ್ದು ಪುಣ್ಯದ ಕೆಲಸವೆಂದು ಗೊಲ್ಲಾಳಪ್ಪನವರು ಕೊಟ್ಟ ಪ್ರತಿದೂರು.

ಪ್ರಸ್ತಾವನೆ:

ಶ್ರೀಮತಿ ಮಾಳಮ್ಮ ಚೊಚ್ಚಲ ಬಸುರಿಯಾಗಿದ್ದು, ಸಂಜೆಯಾದರೆ ಕಾಲು ಬಾತು ರಾತ್ರಿ ನಿದ್ದೆ ಹತ್ತುವುದಿಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿಕೊಂಡಿರುತ್ತಾರೆ. ಡಾಕ್ಟರರು ತಪಾಸಣೆ ಮಾಡಿ ಎಲ್ಲ ನೆಟ್ಟಗಿದೆ ಎಂದ ಮೇಲೆ, ನರ್ಸಬಾಯಿ ಬಷೀರಾ ಇವರು ವ್ಯಾಯಾಮ ಆರಂಭಿಸಲು ಸೂಚಿಸಿರುತ್ತಾರೆ. ‘ದಿನಾ ಕೊಡಗಟ್ಲೆ ನೀರು ಹೊರ್ತೀನಲ್ರಿ ಬಾಯಿ, ಅದು ಸಾಲ್ದೇನ್ರಿ?’ ಎಂದು ಮಾಳಮ್ಮ ಕೇಳಿದ್ದು, ‘ಅದು ದುಡಿಮಿ ಆತವ್ವ. ವ್ಯಾಯಾಮ ಅಂದ್ರ ಬರಿಗೈಲೆ ನಡಿಯೋದು. ಇವತ್ತು ಆ ಪೂಲಿನ ತನಕ ಹೋಗಿ ಬಾ. ಮೈ ಒಗ್ಗಿದ ಮ್ಯಾಲ ಇನ್ನೊಂದಿಷ್ಟು ಮುಂದ ಹೋಗು. ಕೊಡ ನಿನ್ನ ಗಂಡನ ತೆಲಿಮ್ಯಾಲ ಇಡು’ ಎಂದು ಉತ್ತರ ಬಂದಿರುತ್ತದೆ.

ಅದರಂತೆ ಮಾಳಮ್ಮ ಮರುದಿನ ಮುಂಜಾನೆ ಕೈ ಬೀಸಿಕೊಂಡು ಸೇತುವೆಯ ಕಡೆಗೆ ಹೊರಟರು. ತೊಂದರೆ ಶುರುವಾದದ್ದು ಅಲ್ಲಿಂದಲೇ. ತಲೆಯ ಮೇಲೆ ಕೊಡವಿಲ್ಲ, ಬಗಲಲ್ಲಿ ಬುಟ್ಟಿಯಿಲ್ಲ, ಕಂಕುಳಲ್ಲಿ ಕೂಸಿಲ್ಲ. ಇಂಥ ಸೊಸೆಯೊಬ್ಬಳು ದಾರಿಯಲ್ಲಿ ಕಂಡರೆ, ಅವಳು ಮನೆಯಲ್ಲಿ ಜಗಳ ಮಾಡಿಕೊಂಡು ತವರಿಗೆ ಹೊರಟಿದ್ದಾಳೆಂದೇ ಊರಿನ ಲೆಕ್ಕ. ಬೇರೆ ಕಾರಣಕ್ಕೆ ಹೆಣ್ಣುಮಗಳು ಬರಿಗೈಯಲ್ಲಿ ನಡೆದದ್ದನ್ನು ಅಲ್ಲಿ ಯಾರೂ ಕಂಡಿದ್ದಿಲ್ಲವೆಂದು ತನಿಖೆಯಿಂದ ತಿಳಿದುಬಂದಿದೆ.

ಮೊದಲು ಎದುರಾದವರು ಬಂಡಿ ಹೊಡೆಯುವ ಗೊಲ್ಲಾಳಪ್ಪ.

‘ಎಲ್ಲಿಗಿ ಹೊಂಟೀದಿ ತಂಗಿ?’
‘ಎಲ್ಲಿಗೂ ಇಲ್ರಿ ಕಾಕಾ. ಸುಮ್ನ ನಡಿಲಾಕತ್ತೀನಿ.’
‘ಸುಮ್ನ ಯಾರ ನಡೀತಾರವ್ವ? ಏರು ಬಂಡಿ. ಮನ್ಯಾಗ ನಾ ಹೇಳ್ತೀನಿ.’

ಹೀಗೆ ಹೇಳಿ ಅವರು ಆಕೆಯನ್ನು ಬಂಡಿಯಲ್ಲಿ ಕೂರಿಸಿ, ಅತ್ತೆ ಸುಂದರಬಾಯಿಯವರ ಮುಂದೆ ಇಳಿಸಿ, ಸೊಸೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ಬುದ್ಧಿ ಹೇಳಿ, ಚಹಾ ಕುಡಿದು ಹೋದರು. ಮರುದಿನ ಬಸ್ಸಿನ ಕಂಡಕ್ಟರ್ ಅಬ್ದುಲ್ ಗನಿ ಆಕೆಯನ್ನು ಕಂಡು, ಮರುಗಿ, ಬಸ್ಸು ನಿಲ್ಲಿಸಿದರು. ಇವರ ವಿಚಾರ ಬೇರೆ. ‘ಟಿಕೆಟ್ ಬ್ಯಾಡ ಬಹೆನ್, ಕೂಡ್ರು. ಅಣ್ಣನ ಮುಂದ ಮುಚ್ಚಿಡಬ್ಯಾಡ’ ಎಂದು ಹೇಳಿ ಚಿತ್ತಾಪುರದ ತವರಿಗೇ ಮುಟ್ಟಿಸಿದರು. ತಾಯಿ ಅತ್ತರು, ಹೋಳಿಗೆ ಮಾಡಿ ಹಾಕಿದರು, ಸಂಜೆ ಮಗಳನ್ನು ಹಿಂದಕ್ಕೆ ಕಳಿಸಿದರು. ನಾಲ್ಕು ಹೆಜ್ಜೆ ವ್ಯಾಯಾಮವೂ ಆಗಲಿಲ್ಲ, ಹೋಳಿಗೆ ಮಾತ್ರ ಆಯಿತು.

ಬಳಿಕ ಕಟ್ಟೆಯ ಹಿರಿಯರು ಗಂಡ ಸಾಯಬಣ್ಣನನ್ನು ಕರೆಸಿ ವಿಚಾರಿಸಿದರು.

‘ಹೊಡದೇನು?’
‘ಇಲ್ರಿ.’
‘ಬೈದೇನು?’
‘ಇಲ್ರಿ.’
‘ಮತ್ತ ಸುಮ್ನ ಹೋಗ್ತಾಳೇನು?’
‘ಹೌದ್ರಿ, ಸುಮ್ನೇ ಹೋಗ್ತಾಳ.’

ಇಷ್ಟು ಮೃದುವಾಗಿ ಮಾತಾಡುವವನು ಏನೋ ದೊಡ್ಡದನ್ನೇ ಮಾಡಿರಬೇಕೆಂದು ತೀರ್ಮಾನವಾಗಿ, ಸಾಯಬಣ್ಣ ಏನೆಂದು ತಿಳಿಯದೆಯೇ ತಪ್ಪೊಪ್ಪಿಕೊಂಡಿರುತ್ತಾನೆ.

ಅದೇ ಸಂಜೆ ಸುಂದರಬಾಯಿಯವರು, ‘ಸೊಸಿಗಿ ನನ್ನ ಮನ್ಯಾಗ ಸುಖ ಇಲ್ಲಂತ ಊರೆಲ್ಲ ಅನ್ಲಾಕತ್ತದ. ಸಾಕು ನಿನ್ನ ನಡಿಗಿ. ಬಾಕಲಾ ದಾಟಬ್ಯಾಡ’ ಎಂದು ಅಪ್ಪಣೆ ಮಾಡಿದರು. ಮಾಳಮ್ಮ ಬಾತ ಕಾಲು ಚಾಚಿ ಒಳಗೆ ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಇದನ್ನು ಕೇಳಿ ಇಲಾಖೆಗೆ ಭಾಳ ಕೆಡುಕೆನಿಸಿದೆ ಎಂಬುದನ್ನು ದಾಖಲಿಸಲಾಗಿದೆ. ಹೆರಿಗೆಗೆ ಇನ್ನೂ ತಿಂಗಳುಗಳಿದ್ದು, ಈ ಹೆಣ್ಣುಮಗಳು ಅಲ್ಲಿಯವರೆಗೆ ನಡೆಯಬೇಕೋ ಬೇಡವೋ ಎಂಬುದೇ ಇಲಾಖೆಯ ಮುಂದೆ ಬಂದ ಪ್ರಶ್ನೆ. ಆದುದರಿಂದ ಸಂಬಂಧಪಟ್ಟ ಮತ್ತು ಸಂಬಂಧಪಡದಿದ್ದರೂ ತಲೆ ಹಾಕುವ ಎಲ್ಲರಿಗೂ ಕೆಳಗಿನಂತೆ ವಿಧಿಸಲಾಗಿದೆ:

1. ಬರಿಗೈಯಲ್ಲಿ ನಡೆಯುವ ಗರ್ಭಿಣಿಯನ್ನು ಜಗಳವಾಡಿ ಹೊರಟವಳೆಂದು ಭಾವಿಸಕೂಡದು. ಭಾವಿಸದೆ ಇರಲಾಗದವರು ತಮ್ಮ ಮನೆಯೊಳಗೆ ಕುಳಿತು ಭಾವಿಸತಕ್ಕದ್ದು.

2. ಎಲ್ಲಿಗೆ ಹೊರಟಿರುವೆ ಎಂಬ ಪ್ರಶ್ನೆಗೆ ‘ಎಲ್ಲಿಗೂ ಇಲ್ಲ’ ಎಂಬ ಉತ್ತರ ಬಂದಲ್ಲಿ, ಅದನ್ನು ಪೂರ್ಣ ವಿಳಾಸವೆಂದು ಸ್ವೀಕರಿಸತಕ್ಕದ್ದು. ಗಾಳಿಗೆ ಕಣ್ಣಲ್ಲಿ ನೀರು ಬಂದಿದ್ದರೆ ಗಾಳಿಯನ್ನೇ ಹೊಣೆ ಮಾಡತಕ್ಕದ್ದು, ಅತ್ತೆಯನ್ನಲ್ಲ.

3. ಜಗಳವಿಲ್ಲವೆಂಬ ಗುರುತಿಗಾಗಿ ಖಾಲಿ ಕೊಡ ಹಿಡಿದು ನಡೆಯಬಹುದೆಂದು ಈ ಕಾರ್ಯಾಲಯವು, ಅತ್ತೆಯವರ ಮನವೊಲಿಸಿ, ಮೊದಲು ಬಾಯಿಮಾತಿನಲ್ಲಿ ಸೂಚಿಸಿತ್ತು. ಬಾವಿಯ ಹತ್ತಿರದ ಹೆಂಗಸರು ಬಸುರಿ ಬಗ್ಗಬಾರದೆಂಬ ಕಳಕಳಿಯಿಂದ ಅದನ್ನು ತಾವೇ ತುಂಬಿ ತಲೆಯ ಮೇಲಿಟ್ಟು ಕಳಿಸಿದ್ದಾರೆ. ನಂತರ ಖಾಲಿ ಬುಟ್ಟಿ ಪ್ರಯತ್ನಿಸಲಾಯಿತು. ಹೋಗುವ ದಾರಿಯಲ್ಲಿ ಕೊಟ್ಟುಬಿಡವ್ವ ಎಂದು ಒಬ್ಬರು ಬದನೆಕಾಯಿ, ಇನ್ನೊಬ್ಬರು ಜೀವಂತ ಕೋಳಿ ಹಾಕಿದರು. ಎರಡೂ ಸೂಚನೆಗಳನ್ನು ಹಿಂಪಡೆಯಲಾಗಿದೆ. ಕೋಳಿ ತಲುಪಿದೆ.

4. ಗಂಡನು ಜೊತೆಯಲ್ಲಿ ನಡೆಯುವ ಬಗ್ಗೆ: ಸಾಯಬಣ್ಣ ಒಂದು ದಿನ ನಡೆದು ನೋಡಿದನು. ನೋಡಿದವರು ನಕ್ಕಂತೆಲ್ಲ ಹೆಜ್ಜೆ ಜೋರು ಮಾಡಿ, ಕೊನೆಗೆ ಹೆಂಡತಿಗಿಂತ ಒಂದು ಹೊಲ ಮುಂದಿದ್ದನು. ಇಂಥ ಜೊತೆಯಿಂದ ಪ್ರಯೋಜನವಿಲ್ಲವಾಗಿ ಗಂಡನಿಗೆ ನಡಿಗೆಯಿಂದ ವಿನಾಯಿತಿ ನೀಡಿ, ಅದರ ಬದಲು ಮನೆಯ ನೀರು ಹೊರಲು ಆದೇಶಿಸಲಾಗಿದೆ. ಅದನ್ನು ಕಂಡು ನಗಬಯಸುವವರು ತಾವೂ ಒಂದು ಕೊಡ ಹೊತ್ತು ತಂದು, ಉಸಿರು ಉಳಿದಿದ್ದರೆ ನಗತಕ್ಕದ್ದು.

5. ನಡೆಯುವಾಗ ಸಲೀಸಾಗಿ ಮಾತಾಡಲು ಬರುವಷ್ಟೇ ವೇಗವಿರಬೇಕೆಂದು ನರ್ಸಬಾಯಿಯವರು ತಿಳಿಸಿದ್ದಾರೆ. ಇದನ್ನು ಪರೀಕ್ಷಿಸಲು ಗುಂಡಗುರ್ತಿಯಲ್ಲಿ ಮಾತಾಡಿಸುವವರ ಕೊರತೆ ಕಂಡುಬಂದಿಲ್ಲ. ಆದರೆ ಮಾತಾಡಿಸುವವರು ಆಕೆಯನ್ನು ನಿಲ್ಲಿಸಿಕೊಳ್ಳಕೂಡದು, ಜೊತೆಗೆ ನಡೆಯುತ್ತ ಮಾತಾಡಿಸತಕ್ಕದ್ದು. ತಮ್ಮ ಹೆರಿಗೆಯಲ್ಲಿ ಪಟ್ಟ ಪಾಡಿನ ಕಥೆಗಳನ್ನು ಈ ವೇಳೆ ನಿಷೇಧಿಸಲಾಗಿದೆ.

6. ಬಿಸಿಲೇರುವ ಮುನ್ನ ನಡೆಯತಕ್ಕದ್ದು. ಹೋಗುವ ಮುಂಚೆ, ಬಂದ ಮೇಲೆ ನೀರು ಕುಡಿಯತಕ್ಕದ್ದು. ದಣಿವಾದರೆ ಎಲ್ಲಿ ಬೇಕಾದರೂ ಕುಳಿತುಕೊಳ್ಳಬಹುದು. ಹಾಗೆ ಕುಳಿತದ್ದಕ್ಕೆ ಯಾರೂ ಅರ್ಥ ಹಚ್ಚಕೂಡದು.

7. ಗರ್ಭಿಣಿಗೆ ತಲೆ ಸುತ್ತಿದರೆ, ಎದೆ ಅಥವಾ ಹೊಟ್ಟೆ ನೋವಾದರೆ, ರಕ್ತ ಅಥವಾ ನೀರು ಹೋದಂತೆ ಕಂಡರೆ ತಕ್ಷಣ ನಿಂತು ಆಸ್ಪತ್ರೆಗೆ ಹೋಗತಕ್ಕದ್ದು. ಈ ಕಲಮಿನಲ್ಲಿ ತಮಾಷೆಯಿಲ್ಲ. ಗೊಲ್ಲಾಳಪ್ಪನವರು ಆಗ ಬಂಡಿ ಹೂಡಲಿ, ಇಲಾಖೆ ಅವರ ಉಪಕಾರ ಮರೆಯುವುದಿಲ್ಲ.

8. ಜಗಳವಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಅತ್ತೆಯೇ ಜೊತೆಗಿರತಕ್ಕದ್ದು ಎಂದು ಸುಂದರಬಾಯಿಯವರನ್ನು ಒಪ್ಪಿಸಲಾಯಿತು. ಅವರು ಹಿಂದೆ ನಡೆದರು. ಅತ್ತೆ ಸೊಸೆಯನ್ನು ಹೊರಗೆ ಅಟ್ಟುತ್ತಿದ್ದಾಳೆಂದು ಜನ ಓಡಿಬಂದರು. ಮರುದಿನ ಮುಂದೆ ನಡೆದರು. ಅತ್ತೆಯೇ ಸಿಟ್ಟಾಗಿ ಹೊರಟಿದ್ದು, ಪಾಪ ಬಸುರಿ ಸೊಸೆ ಕಾಡಿ ಬೇಡಿ ಬೆನ್ನು ಹತ್ತಿದ್ದಾಳೆಂದು ಇನ್ನೂ ಹೆಚ್ಚು ಜನ ಬಂದರು. ಆಮೇಲೆ ಇಬ್ಬರೂ ಜೋಡಿಯಾಗಿ ನಡೆದರು. ಇದಕ್ಕೆ ಏನು ಹೇಳಬೇಕೆಂದು ಊರಿಗೆ ತಿಳಿಯಲಿಲ್ಲ. ಅಂದಿನಿಂದ ಅವರನ್ನು ಯಾರೂ ತಡೆದಿಲ್ಲ. ಮಾಳಮ್ಮನಿಗೆ ಈಗ ರಾತ್ರಿ ನಿದ್ದೆ ಬರುತ್ತದೆ. ಇಲಾಖೆಗೆ ಸಂತೋಷವಾಗಿದೆ.

9. ಮೂಲ ಕರಡಿನಲ್ಲಿ ಈ ಅನುಮತಿಯು ಹೆರಿಗೆಯೊಂದಿಗೆ ರದ್ದಾಗತಕ್ಕದ್ದೆಂದೂ, ಗರ್ಭಿಣಿಯರಲ್ಲದವರಿಗೆ ಅನ್ವಯಿಸದೆಂದೂ ಇತ್ತು. ಅದನ್ನು ಅವರ ಮನೆಯಲ್ಲಿ ಓದಿ ಹೇಳಿದ ಮೇಲೆ ಸುಂದರಬಾಯಿಯವರು ಖುದ್ದಾಗಿ ಕಾರ್ಯಾಲಯಕ್ಕೆ ಬಂದು ನೀಡಿದ ಹೇಳಿಕೆಯನ್ನು ಇದ್ದಂತೆಯೇ ಬರೆದುಕೊಳ್ಳಲಾಗಿದೆ: ‘ಸಾಹೇಬ್ರ, ನಾ ಲಗ್ನ ಆಗಿ ಬಂದಾಗಿಂದ ಅದೇ ದಾರಿಲೆ ತಿರಗಾಡೀನಿ. ದಾರಿ ಬಾಜು ಅಷ್ಟು ದೊಡ್ಡ ಹುಣಸಿ ಗಿಡ ಅದ, ಅದರ ತುಂಬ ಗಿಣಿ ಅವ. ನನಗ ಗೊತ್ತೇ ಇರ್ಲಿಲ್ರಿ. ತೆಲಿಮ್ಯಾಲ ಕೊಡ ಇದ್ರ ಮ್ಯಾಲ ನೋಡ್ಲಾಕ ಎಲ್ಲಿ ಬರ್ತದ? ಈಗ ಸೊಸಿ ಹಡದ ಮ್ಯಾಲ ಇಬ್ರೂ ಮತ್ತ ಕೆಳಗ ನೋಡ್ಕೋತ ನಡೀಬೇಕೇನು? ನನಗೂ ಬರ್ಕೊಡ್ರಿ.’

ಸದರಿ ಅರ್ಜಿದಾರರನ್ನು ಈ ವಯಸ್ಸಿನಲ್ಲಿ ಗರ್ಭಿಣಿಯೆಂದು ಪರಿಗಣಿಸಲು ನಿಯಮಗಳಲ್ಲಿ ಅವಕಾಶವಿದೆಯೇ ಎಂದು ಮಧ್ಯಾಹ್ನದವರೆಗೆ ಹುಡುಕಲಾಯಿತು. ಸಿಗಲಿಲ್ಲ. ಅವರು ಎದ್ದು ಹೋಗಲಿಲ್ಲ.

10. ಆದುದರಿಂದ ಕರಡಿನ ಆ ಷರತ್ತನ್ನು ಕೈಬಿಟ್ಟು, 7ನೆಯ ಕಲಮನ್ನು ಹೊರತುಪಡಿಸಿ ಈ ಸುತ್ತೋಲೆಯ ಆದೇಶಗಳಲ್ಲಿ ‘ಗರ್ಭಿಣಿ’ ಎಂದು ಬಂದ ಕಡೆಯಲ್ಲೆಲ್ಲ ‘ಯಾವುದೇ ಹೆಣ್ಣುಮಗಳು’ ಎಂದು ಓದಿಕೊಳ್ಳತಕ್ಕದ್ದು. ಕಾರಣ ಕೇಳಕೂಡದು.

ಇದು ತಕ್ಷಣದಿಂದ, ಅಂದರೆ ನಾಳೆ ಮುಂಜಾನೆಯ ತಂಪಿನಿಂದ, ಜಾರಿಗೆ ಬರುತ್ತದೆ.

(ಸಹಿ/-)
ಸಂಬಂಧಪಟ್ಟ ಅಧಿಕಾರಿ
ಸಂಬಂಧಪಟ್ಟ ಇಲಾಖೆ, ಚಿತ್ತಾಪುರ

ಪ್ರತಿಗಳು:

1. ನರ್ಸಬಾಯಿ ಬಷೀರಾ ಇವರಿಗೆ, ಮಾಹಿತಿಗಾಗಿ.
2. ಶ್ರೀ ಗೊಲ್ಲಾಳಪ್ಪ ಇವರಿಗೆ, 7ನೆಯ ಕಲಮಿನ ಹೊರತು ಬಂಡಿ ನಿಲ್ಲಿಸದಿರಲು.
3. ಶ್ರೀ ಅಬ್ದುಲ್ ಗನಿ, ಕಂಡಕ್ಟರ್, ಇವರಿಗೆ, ಮುಂದಿನ ಟ್ರಿಪ್ಪಿನಲ್ಲಿ ಮಾಳಮ್ಮನ ತಾಯಿಗೆ ತೋರಿಸಿ ಸಮಾಧಾನ ಹೇಳಲು.
4. ಕಟ್ಟೆಯ ಹಿರಿಯರಿಗೆ, ಸಾಯಬಣ್ಣನ ತಪ್ಪೊಪ್ಪಿಗೆಯನ್ನು ವಾಪಸು ಕೊಡಲು.
5. ಶ್ರೀ ಸಾಯಬಣ್ಣ ಇವರಿಗೆ, ಕೊಡ ಇಳಿಸಿದ ಬಳಿಕ ಓದಿಕೊಳ್ಳಲು.
6. ಶ್ರೀಮತಿ ಮಾಳಮ್ಮ ಹಾಗೂ ಶ್ರೀಮತಿ ಸುಂದರಬಾಯಿ ಇವರಿಗೆ. ದಾರಿಯಲ್ಲಿ ಸಿಕ್ಕರೆ ಪ್ರತಿಯನ್ನು ಕೈಗೆ ಕೊಡಕೂಡದು. ಜೊತೆಗೆ ನಡೆಯುತ್ತ ಓದಿ ಹೇಳತಕ್ಕದ್ದು.