ಯಾರಿಗೂ ಬೇಡದ ಪಾಯಿಂಟರ್

ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಪಾಯಿಂಟರ್ ಅಂದರೆ ವಿಳಾಸ ಬರೆದ ಚೀಟಿ, ಅಷ್ಟೆ. ಮನೆ ಖಾಲಿಯಾದ ಮೇಲೂ ಚೀಟಿ ಜೇಬಿನಲ್ಲೇ ಉಳಿದರೆ ಎಂದಾದರೊಂದು ದಿನ ಯಾರದೋ ಬಾಗಿಲು ತಟ್ಟಿ ಬೈಸಿಕೊಳ್ಳಬೇಕಾಗುತ್ತದೆ. ಫೈಲು ತುಂಬಿಡುವ ಡಿಸ್ಕುಗಳನ್ನು ನಡೆಸುವ ಹಳೇ ಡ್ರೈವರ್ ಪ್ರೋಗ್ರಾಮಿನಲ್ಲಿ ಇಂಥ ಚೀಟಿಗಳು ರಾಶಿ ಬಿದ್ದಿದ್ದವು. ಅವನ್ನು ಗುಡಿಸುವ ಕೆಲಸ ಮೌನಿಬಾಬನ ಪಾಲಿಗೆ ಬಂತು.

ಮೌನಿಬಾಬ ಎಂಬುದು ಆಫೀಸಿನವರು ಇಟ್ಟ ಹೆಸರು. ಪಾಪ, ಆತನೇನೂ ಮೌನವ್ರತ ಹಿಡಿದವನಲ್ಲ, ಮಾತಾಡಲು ಜನ ಸಿಗದವನು. ನೆಲಮಾಳಿಗೆಯ ಟೆಸ್ಟ್ ರೂಮಿನಲ್ಲಿ ಆರು ಡಿಸ್ಕುಗಳ ಗುಂಯ್ ಸದ್ದಿನ ನಡುವೆ ನಾಲ್ಕು ವರ್ಷದಿಂದ ಒಬ್ಬನೇ ಕೂತಿದ್ದ. ಊಟದ ಡಬ್ಬಿ ತೆರೆದಾಗ "ಬನ್ನಿ" ಅನ್ನೋಣವೆಂದರೆ ಎದುರಿಗೊಂದು ಕುರ್ಚಿಯೂ ಇರಲಿಲ್ಲ.

"ಇವತ್ತು ಇದನ್ನ ಕ್ಲೀನ್ ಮಾಡಿ ಮುಗಿಸ್ರಿ. ನಾಳೆಯಿಂದ ಮೇಲೆ ಹಾಲ್‌ನಲ್ಲಿ ನಮ್ಮ ಜೊತೆ ಕೂತ್ಕೊಳ್ಳೋರಂತೆ" ಎಂದು ಮ್ಯಾನೇಜರು ಹೇಳಿದ್ದೇ ತಡ, ಆತ ಸೆರಗು ಸಿಕ್ಕಿಸಿದ ಅತ್ತೆಯಂತೆ ಗುಡಿಸಲು ನಿಂತ.

ಮಧ್ಯಾಹ್ನದೊಳಗೆ ನಲವತ್ತು ಪಾಯಿಂಟರುಗಳು ಹೋದವು. ನಲವತ್ತೊಂದನೆಯದೂ ಯಾರಿಗೂ ಬೇಡದ್ದೆಂದು ಕಂಡಿತು. ಅಳಿಸಿದ. ಡ್ರೈವರನ್ನು ಮತ್ತೆ ಚಾಲೂ ಮಾಡಿದರೆ ಆರರಲ್ಲಿ ಒಂದು ಡಿಸ್ಕೂ ತೆರೆಯಲೊಲ್ಲದು.

ಎರಡೇ ನಿಮಿಷಕ್ಕೆ ಮೆಟ್ಟಿಲ ಮೇಲೆ ದಡದಡ ಸದ್ದು. ಟೆಸ್ಟ್ ರೂಮಿನ ಡಿಸ್ಕುಗಳು ಬಲು ವೇಗವೆಂದು ಇಡೀ ಆಫೀಸು ತನ್ನ ಫೈಲುಗಳನ್ನೆಲ್ಲ ಗುಟ್ಟಾಗಿ ಅವುಗಳಲ್ಲೇ ಇಟ್ಟಿತ್ತು.

"ಮೂರು ತಿಂಗಳ ಡ್ರಾಯಿಂಗ್ ಇತ್ತಲ್ರೀ ಅದ್ರಲ್ಲಿ" ಎಂದಳು ಡಿಸೈನರ್.

"ನಂಗೇನೂ ಗೊತ್ತಾಗಲ್ಲ, ಆದ್ರೂ ವೈರ್ ಕಿತ್ತು ಮತ್ತೆ ಚುಚ್ಚಿ ನೋಡಿ" ಎಂದಳು ರಿಸೆಪ್ಷನಿಸ್ಟ್.

"ಮೆಲ್ಲಗೆ ತಟ್ಟಿ ಸಾರ್. ನಮ್ಮನೆ ರೇಡಿಯೋ ಹಾಗೇ ಸರಿಹೋಯ್ತು" ಎಂದ ಗಾರ್ಡ್.

ಡಿಸ್ಕು ತೆರೆಯುವಾಗ ಒಂದೇ ಒಂದು ಸಲ ಬಳಕೆಯಾಗುವ ಚೀಟಿ ಅದು, ವಾಪಸ್ ಇಟ್ಟರೆ ಮುಗಿಯಿತು ಎಂದು ಆತನಿಗೆ ಆಗಲೇ ಹೊಳೆದಿತ್ತು. ಆದರೆ ರೂಮಿನಲ್ಲಿ ಒಂಬತ್ತು ಜನರಿದ್ದರು. ಯಾರೋ ಹೆಗಲ ಮೇಲೆ ಕೈಯಿಟ್ಟಿದ್ದರು. ಯಾರೋ ಚಹಾ ತಂದುಕೊಟ್ಟರು. ಬೈಗುಳವಾದರೇನು, ಮನುಷ್ಯರ ದನಿಯಲ್ಲವೇ? ಅರ್ಧ ಗಂಟೆ ಹುಡುಕುವವನಂತೆ ನಟಿಸುತ್ತ ಕೂತ.

"ಮಗಳು ಶಾಲೆಗೆ ಹೋಗ್ತಿದಾಳಾ?" ಎಂದು ಗಾರ್ಡ್‌ನನ್ನು ವಿಚಾರಿಸಿದ.

"ಮದುವೆ ಆಗಿ ಎರಡು ವರ್ಷ ಆಯ್ತು ಸಾರ್."

ಕೊನೆಗೆ ಚೀಟಿ ವಾಪಸ್ ಇಟ್ಟ. ಫೈಲುಗಳೆಲ್ಲ ಬಂದವು, ಜನರೆಲ್ಲ ಹೋದರು. ಮ್ಯಾನೇಜರು ಕೆಳಗಿಳಿದು ಬಂದರು.

"ನೀವು ಇಂಥ ತಪ್ಪು ಮಾಡೋರಲ್ಲ. ಬೆಳಿಗ್ಗೆಯಿಂದ ಯಾರಾದ್ರೂ ಬಂದು ತಲೆ ತಿಂತಿದ್ರಾ?"

ಬೆಳಿಗ್ಗೆಯಿಂದ ಒಂದು ನರಪಿಳ್ಳೆಯೂ ಇಣುಕಿರಲಿಲ್ಲ. ಆದರೂ ಮಾನ ಉಳಿಯಲೆಂದು ಆತ, "ಹೂಂ ಸರ್, ಒಬ್ಬರಾದ ಮೇಲೆ ಒಬ್ಬರು ಬಂದು ಮಾತಾಡಿಸ್ತಾನೇ ಇದ್ರು" ಎಂದ. ಹಾಗೆ ಹೇಳಿಕೊಳ್ಳುವಾಗ ಒಳಗೊಳಗೇ ಹಿತವೆನಿಸಿತು.

"ಅಂದ್ಕೊಂಡೆ. ಹಾಲ್‌ನ ಗಲಾಟೆ ನಿಮಗೆ ಆಗಿಬರಲ್ಲ ಬಿಡಿ. ಇಲ್ಲೇ ಆರಾಮಾಗಿರಿ."

ಸಂಜೆಯೊಳಗೆ ಬಾಗಿಲಿಗೆ ಬೋರ್ಡು ಬಂತು: "ಪ್ರವೇಶವಿಲ್ಲ. ಇವರನ್ನು ಮಾತಾಡಿಸಬೇಡಿ."

"ಒಂದು ನಿಮಿಷ ಕೂತ್ಕೊಂಡು ಹೋಗಿ" ಎಂದು ಬೋರ್ಡು ನೇತುಹಾಕುತ್ತಿದ್ದ ಗಾರ್ಡ್‌ನನ್ನು ಮೌನಿಬಾಬ ಕರೆದ. ಗಾರ್ಡ್ ಬೋರ್ಡಿನತ್ತ ಬೆರಳು ತೋರಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದ.